ಆತಂಕದಿಂದ ಬರುವ ಎದೆಬಡಿತಕ್ಕೆ ಚೀನೀ ಮೂಲಿಕೆಗಳ ಕಷಾಯ: ಕುಡಿಯಬಹುದೇ?

ಇರುಳೆಚ್ಚರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ವರ್ಷಗಳಿಂದ ಚೀನಾದ ಚೆಂಗ್ಡು ನಗರದಲ್ಲಿ ಕೆಲಸದಲ್ಲಿದ್ದೇನೆ; ವಯಸ್ಸು 38. ಏಳು ತಿಂಗಳಿಂದ ಎದೆ ಡವಡವ ಹೊಡೆದುಕೊಳ್ಳುವ ತೊಂದರೆ ಅಂಟಿಕೊಂಡಿದೆ. ಹಗಲಿನ ಗಡಿಬಿಡಿಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ಎಡಮಗ್ಗುಲಾದರೆ ಮಾತ್ರ ದಿಂಬಿನ ಒಳಗಿನಿಂದ ಯಾರೋ ಗುದ್ದುತ್ತಿರುವಂತೆ ಕೇಳಿಸುತ್ತದೆ; ಅದನ್ನು ಕೇಳುತ್ತ ಮಲಗಿದರೆ ದಿಗಿಲು ಹೆಚ್ಚುತ್ತದೆ, ದಿಗಿಲು ಹೆಚ್ಚಿದಷ್ಟೂ ಬಡಿತ ಜೋರಾಗುತ್ತದೆ. ತಿಂಗಳಿಗೆ ಎರಡು ಮೂರು ಸಲ ಕಿಬ್ಬೊಟ್ಟೆಯಿಂದ ಏನೋ ಗಂಟಲಿನವರೆಗೆ ನುಗ್ಗಿ ಬಂದಂತಾಗಿ, ಇನ್ನೇನು ಪ್ರಾಣವೇ ಹೋಯಿತು ಅನ್ನಿಸಿ, ಕಾಲು ಗಂಟೆಯಲ್ಲಿ ತಾನಾಗಿ ಇಳಿದುಬಿಡುತ್ತದೆ.

ಇಸಿಜಿ, ಎಕೋ, ಥೈರಾಯ್ಡ್, ರಕ್ತದ ಹಿಮೋಗ್ಲೋಬಿನ್, 24 ಗಂಟೆಗಳ ಹೋಲ್ಟರ್ (ಮೈಗೆ ಕಟ್ಟಿಕೊಂಡೇ ಓಡಾಡುವ ಇಸಿಜಿ ಯಂತ್ರ) ಎಲ್ಲವನ್ನೂ ಮಾಡಿಸಿದ್ದಾಯಿತು. ಎಲ್ಲವೂ ಸರಿಯಾಗಿವೆ ಎಂದರು. ಬೇಕೆನಿಸಿದಾಗ ತೆಗೆದುಕೊಳ್ಳಲು, ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ 10 ಮಿಲಿಗ್ರಾಂ ಮಾತ್ರೆಯನ್ನು ಬರೆದುಕೊಟ್ಟಿದ್ದಾರೆ. ಅದನ್ನು ಇದುವರೆಗೆ ಎರಡೇ ಬಾರಿ ನುಂಗಿದ್ದೇನೆ.

ಈ ನಡುವೆ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಇಲ್ಲಿಯ ಚೀನೀ ವೈದ್ಯಪದ್ಧತಿಯ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಅಲ್ಲಿಯ ಹಿರಿಯ ವೈದ್ಯೆ ನಾಲಗೆ ನೋಡಿದರು, ಎರಡೂ ಮಣಿಕಟ್ಟುಗಳ ಮೇಲೆ ಮೂರು ಬೆರಳಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು, ಬಾಗಿಲು ದಡಾರನೆ ಬಡಿದರೆ ಬೆಚ್ಚುತ್ತೀರಾ ಎಂದು ಕೇಳಿದರು. ಹೌದೆಂದೆ. ಹೃದಯ ಮತ್ತು ಪಿತ್ತಕೋಶದ ಶಕ್ತಿ ಕುಂದಿದೆ ಎಂದು ಹೇಳಿ ಏಳು ದಿನಗಳ ಕಷಾಯ ಬರೆದರು. ಚೀಟಿಯಲ್ಲಿರುವುದು ಇಷ್ಟು: ದಾಂಗ್‌ಶೆನ್, ಫುಲಿಂಗ್, ಫುಶೆನ್, ಯುವಾನ್‌ಝಿ, ಶಿಚಾಂಗ್‌ಪು, ಲೋಂಗ್‌ಚಿ, ಮು ಲಿ, ಸುವಾನ್‌ಝಾವ್‌ರೆನ್ 15 ಗ್ರಾಂ, ಕೊನೆಯಲ್ಲಿ ಝಿ ಗಾನ್‌ಚಾವ್ 10 ಗ್ರಾಂ. ಆಸ್ಪತ್ರೆಯವರೇ ಕುದಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಕೊಟ್ಟಿದ್ದಾರೆ; ಹದಿನಾಲ್ಕು ಚೀಲಗಳು ಫ್ರಿಜ್‌ನಲ್ಲಿ ನನ್ನನ್ನೇ ನೋಡುತ್ತ ಕುಳಿತಿವೆ.

ಇದು ಹೃದಯದ ಔಷಧಿಯೋ, ಮನಸ್ಸಿನ ಔಷಧಿಯೋ? ಪ್ರೊಪ್ರನೊಲಾಲ್ ಜೊತೆಗೆ ಇದನ್ನು ಕುಡಿದರೆ ತೊಂದರೆ ಇದೆಯೇ? ಇದರಿಂದ ಉಪಯೋಗವಾಗುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವೇನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಕಷಾಯದ ಕಡತ

ನಾನು ವೈದ್ಯನಲ್ಲ, ಚೀನೀ ವೈದ್ಯಕೀಯದ ಹಳೆಯ ಗ್ರಂಥಗಳನ್ನು ಓದುವುದು ನನ್ನ ಕೆಲಸ. ಹಾಗಾಗಿ ತಮ್ಮ ಮೊದಲ ಪ್ರಶ್ನೆಗೆ ಮಾತ್ರ ಸ್ವಲ್ಪ ವಿವರವಾಗಿ ಉತ್ತರಿಸಬಲ್ಲೆ.

ಹೃದಯವೋ ಮನಸ್ಸೋ ಎಂಬ ಪ್ರಶ್ನೆಯೇ ಆ ಪದ್ಧತಿಯಲ್ಲಿ ಏಳುವುದಿಲ್ಲ. ಶಿನ್ ಎಂಬ ಒಂದೇ ಪದ ಎರಡಕ್ಕೂ ಸಲ್ಲುತ್ತದೆ. ರಕ್ತ ತಳ್ಳುವ ಅಂಗವೂ ಅದೇ, ಶೆನ್ ಎಂದು ಅವರು ಕರೆಯುವ ಚೈತನ್ಯ ವಾಸಿಸುವ ಮನೆಯೂ ಅದೇ. ಮನೆಯೊಳಗೆ ಶೆನ್ ನೆಮ್ಮದಿಯಾಗಿಲ್ಲದಿದ್ದರೆ ನಿದ್ದೆ ಕೆಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂಬುದು ಅವರ ವಿವರಣೆ. ಪಿತ್ತಕೋಶವನ್ನು ಅವರು ಧೈರ್ಯದ ಸ್ಥಾನವೆಂದು ಎಣಿಸುತ್ತಾರೆ. ಬಾಗಿಲ ಸದ್ದಿಗೆ ಬೆಚ್ಚುತ್ತೀರಾ ಎಂದು ವೈದ್ಯೆ ಕೇಳಿದ್ದು ಅದಕ್ಕಾಗಿ.

ಎದೆಬಡಿತವನ್ನೂ ಅವರು ಎರಡಾಗಿ ವಿಂಗಡಿಸುತ್ತಾರೆ. ಭಯವೋ ಬೆಚ್ಚುವಿಕೆಯೋ ಹೊರಗಿನಿಂದ ತಟ್ಟಿ, ಬಂದು ಹೋಗುವ ಬಡಿತಕ್ಕೆ ಜಿಂಗ್‌ಜಿ ಎಂದು ಹೆಸರು. ಕಾರಣವೇ ಇಲ್ಲದೆ ಎಡೆಬಿಡದೆ ಕಾಡುವುದು ಝೆಂಗ್‌ಚೋಂಗ್. ಎರಡನೆಯದನ್ನು ಹೆಚ್ಚು ಗಂಭೀರವೆಂದು ಎಣಿಸುತ್ತಾರೆ.

ತಾವು ಬರೆದ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಚೀನಾದ ಪೂರ್ವ ಹಾನ್ ರಾಜವಂಶದ ಕಾಲದ ಕೊನೆಯಲ್ಲಿ, ಅಂದರೆ ಕ್ರಿ.ಶ. 200ರ ಆಸುಪಾಸಿನಲ್ಲಿದ್ದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಬೆನ್‌ತುನ್ ಎಂಬ ಬೇನೆಯನ್ನು ವರ್ಣಿಸಿದ್ದಾನೆ. ಬೆನ್‌ತುನ್ ಎಂದರೆ ಓಡುವ ಹಂದಿಮರಿ. ಅದು ಕಿಬ್ಬೊಟ್ಟೆಯಿಂದ ಎದ್ದು ಗಂಟಲಿಗೆ ನುಗ್ಗುತ್ತದೆ, ಬಂದಾಗ ರೋಗಿಗೆ ಸತ್ತೇಹೋಗುತ್ತೇನೆ ಅನ್ನಿಸುತ್ತದೆ, ಆಮೇಲೆ ಹಿಂದಿರುಗಿ ನಿಂತುಬಿಡುತ್ತದೆ, ಇದು ಹುಟ್ಟುವುದೆಲ್ಲ ಭಯದಿಂದ ಎನ್ನುತ್ತಾನೆ. ಈಗಿನವರು ಪ್ಯಾನಿಕ್ ಅಟ್ಯಾಕ್ ಎನ್ನುವುದಕ್ಕೆ ಇದಕ್ಕಿಂತ ಚೊಕ್ಕವಾದ ಚಿತ್ರವನ್ನು ನಾನು ಹಳೆಯ ಬರಹಗಳಲ್ಲಿ ಕಂಡಿಲ್ಲ. ಅವನದೇ ಇನ್ನೊಂದು ಟಿಪ್ಪಣಿ: ವಿಪರೀತ ಬೆವರಿದ ಮೇಲೆ ರೋಗಿಯು ಎರಡೂ ಕೈಗಳನ್ನು ಎದೆಯ ಮೇಲೆ ಹೆಣೆದು ಮುಚ್ಚಿಕೊಳ್ಳುತ್ತಾನೆ, ಯಾರಾದರೂ ಅಲ್ಲಿ ಒತ್ತಿ ಹಿಡಿಯಲಿ ಎಂದು ಬಯಸುತ್ತಾನೆ. ಅದಕ್ಕೆ ಅವನು ಕೊಟ್ಟದ್ದು ದಾಲ್ಚಿನ್ನಿಯ ಎಳೆಕಡ್ಡಿ ಮತ್ತು ಅತಿಮಧುರ, ಎರಡೇ ವಸ್ತು.

ನೋಟ ಇಷ್ಟು ಸೂಕ್ಷ್ಮವಾಗಿತ್ತೆಂದ ಮಾತ್ರಕ್ಕೆ ಔಷಧಿಯೂ ಅಷ್ಟೇ ನಿಖರವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅವು ಬೇರೆ ಬೇರೆ ಸಂಗತಿಗಳು.

ಇನ್ನು ತಮ್ಮ ಚೀಟಿ. ಅದರ ಬೆನ್ನೆಲುಬು ಆನ್‌ಶೆನ್ ದಿಂಗ್‌ಝಿ ಎಂಬ ಗುಳಿಗೆಯ ಪಾಕ. ಚೆಂಗ್ ಗುವೊಪೆಂಗ್ ಎಂಬ ವೈದ್ಯನ 1732ರ ಗ್ರಂಥದಲ್ಲಿ ಬರುತ್ತದೆ. ಮೂಲದಲ್ಲಿ ಜಿನ್ಸೆಂಗ್ ಇತ್ತು; ಅದರ ಬದಲಿಗೆ ತಮ್ಮ ವೈದ್ಯೆ ಸೌಮ್ಯವೂ ಅಗ್ಗವೂ ಆದ ದಾಂಗ್‌ಶೆನ್ ಬರೆದಿದ್ದಾರೆ. ಫುಲಿಂಗ್ ಎಂಬುದು ಪೈನ್ ಮರದ ಬೇರಿನ ಮೇಲೆ ಬೆಳೆಯುವ ಅಣಬೆಯ ಗಡ್ಡೆ. ಅದೇ ಗಡ್ಡೆ ಬೇರನ್ನು ಸುತ್ತುವರಿದು ಬೆಳೆದಿದ್ದರೆ ಆ ಭಾಗವೇ ಫುಶೆನ್. ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಸುಣ್ಣದಂಥ ಬಿಳುಪಿನ ನಡುವೆ ಕಂದು ಬಣ್ಣದ ಬೇರಿನ ತುಂಡು ಕಣ್ಣಿನಂತೆ ಕಾಣುತ್ತದೆ. ಶಿಚಾಂಗ್‌ಪು ನಮ್ಮ ಬಜೆಯ ಹತ್ತಿರದ ಸಂಬಂಧಿ. ಸುವಾನ್‌ಝಾವ್‌ರೆನ್ ಮುಳ್ಳಿನ ಕಾಡು ಎಲಚಿಯ ಬೀಜದ ತಿರುಳು. ನಿದ್ದೆಗೆಂದು ಆ ನಾಡಿನಲ್ಲಿ ಅದಕ್ಕಿಂತ ಹೆಚ್ಚು ಬಳಕೆಯಾಗುವ ವಸ್ತು ಇನ್ನೊಂದಿಲ್ಲ ಎಂದರೂ ನಡೆದೀತು. ಮು ಲಿ ಸಿಂಪಿಯ ಚಿಪ್ಪು. ಲೋಂಗ್‌ಚಿ, ಅಕ್ಷರಶಃ ಡ್ರ್ಯಾಗನ್ ಹಲ್ಲು, ಪ್ರಾಚೀನ ಪ್ರಾಣಿಗಳ ಪಳೆಯುಳಿಕೆ ಹಲ್ಲು. ಭಾರವಾದ ವಸ್ತುಗಳು ಮೇಲೆದ್ದ ಚೈತನ್ಯವನ್ನು ಕೆಳಗಿಳಿಸುತ್ತವೆ ಎಂಬ ಕಲ್ಪನೆ ಇವುಗಳ ಹಿಂದಿದೆ. ಕಡೆಯದಾದ ಝಿ ಗಾನ್‌ಚಾವ್ ಜೇನಿನಲ್ಲಿ ಹುರಿದ ಅತಿಮಧುರ.

ನಾಡಿಮಿಡಿತ

ನಾನು ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಮೇಲಿನ ಬರಹವನ್ನು ಸಂತೋಷದಿಂದ ಓದಿದೆ. ಆದರೆ ಕಷಾಯಕ್ಕೆ ಹೋಗುವ ಮುನ್ನ ಒಂದು ಮಾತು ಕೇಳಲೇಬೇಕು: ಹೋಲ್ಟರ್ ಕಟ್ಟಿದ್ದ ಆ 24 ಗಂಟೆಗಳಲ್ಲಿ ತಮಗೆ ಆ ದೊಡ್ಡ ದಾಳಿ ಬಂದಿತ್ತೇ? ತಿಂಗಳಿಗೆ ಎರಡು ಮೂರು ಸಲ ಬರುವ ತೊಂದರೆ ಅದೇ ದಿನ ಬರದೆ ಹೋಗಿದ್ದರೆ, ವರದಿ ಸರಿಯಾಗಿದೆ ಎಂಬುದರ ಅರ್ಥ ಆ ದಿನ ಹೃದಯ ಸರಿಯಾಗಿತ್ತು ಎಂದಷ್ಟೇ. ಕಳ್ಳ ಬಾರದ ರಾತ್ರಿ ಕಾವಲು ಕಾದಂತೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೃದಯದ ಮೇಲುಕೋಣೆಗಳ ಕಡೆಯಿಂದ ಹುಟ್ಟುವ ಎಸ್‌ವಿಟಿ ಎಂಬ ಲಯದ ದೋಷ ಆರೋಗ್ಯವಂತರಲ್ಲೂ ಬರುತ್ತದೆ. ಗಾಬರಿ, ಬೆವರು, ಸಾವಿನ ಭಯ ಎಲ್ಲವನ್ನೂ ಜೊತೆಗೆ ತರುತ್ತದೆ. ವರ್ಷಗಟ್ಟಲೆ ಪ್ಯಾನಿಕ್ ಎಂದೇ ಹೆಸರು ಹೊತ್ತು ತಿರುಗುವ ರೋಗಿಗಳನ್ನು ನಾವು ನೋಡುತ್ತಿರುತ್ತೇವೆ. ಆತಂಕದ ಬಡಿತ ಸಾಮಾನ್ಯವಾಗಿ ಏರುತ್ತ ಏರುತ್ತ ಹೋಗಿ ನಿಧಾನವಾಗಿ ಇಳಿಯುತ್ತದೆ. ಎಸ್‌ವಿಟಿ ಸ್ವಿಚ್ಚು ಒತ್ತಿದಂತೆ ಥಟ್ಟನೆ ಶುರುವಾಗಿ, ಹಾಗೆಯೇ ಥಟ್ಟನೆ ನಿಲ್ಲುತ್ತದೆ. ವೇಗ ನಿಮಿಷಕ್ಕೆ ಅನೇಕ ವೇಳೆ 150ನ್ನು ದಾಟಿರುತ್ತದೆ. ಆದ್ದರಿಂದ ದಾಳಿ ಬಂದ ಹೊತ್ತಿನಲ್ಲೇ ಒಂದು ಇಸಿಜಿ ಸಿಗುವಂತೆ ನೋಡಿಕೊಳ್ಳಿ. ಹಲವು ದಿನ ಕಟ್ಟಿಕೊಳ್ಳುವ ಯಂತ್ರವಾದರೂ ಸರಿ, ಇಸಿಜಿ ಬರೆಯುವ ಕೈಗಡಿಯಾರವಾದರೂ ಸರಿ. ತಲೆಸುತ್ತಿ ಬೀಳುವುದು, ಓಡುವಾಗ ಅಥವಾ ಮೆಟ್ಟಿಲೇರುವಾಗ ಎದೆ ನೋಯುವುದು, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿರುವುದು, ಇವುಗಳಲ್ಲಿ ಒಂದಿದ್ದರೂ ಕಷಾಯ, ಮಾತ್ರೆ ಎಲ್ಲವನ್ನೂ ಬದಿಗಿಟ್ಟು ಮೊದಲು ಹೃದಯದ ವೈದ್ಯರನ್ನು ಕಾಣಬೇಕು.

ಈಗ ಚೀಟಿಯ ಕೊನೆಯ ಸಾಲು. ಒಂಬತ್ತು ವಸ್ತುಗಳಲ್ಲಿ ನನ್ನ ಕಣ್ಣು ನಿಂತದ್ದು ಅತಿಮಧುರದ ಮೇಲೆ. ಬಹಳ ಜನ ಅದನ್ನು ಬಾಯಿ ಸಿಹಿ ಮಾಡುವ ನಿರಪಾಯಕಾರಿ ಬೇರೆಂದು ತಿಳಿದಿದ್ದಾರೆ. ಅದರಲ್ಲಿರುವ ಗ್ಲಿಸರೈಜಿನ್ ದೇಹದಲ್ಲಿ ಮಾರ್ಪಟ್ಟು, ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವಕ್ಕೆ ಅಡ್ಡಿ ಬರುತ್ತದೆ. ಆಗ ಕಾರ್ಟಿಸೋಲ್ ಅಲ್ಲಿ ಆಲ್ಡೋಸ್ಟೆರೋನ್‌ನ ಕೆಲಸ ಮಾಡತೊಡಗುತ್ತದೆ: ಉಪ್ಪು ಮತ್ತು ನೀರು ಒಳಗುಳಿಯುತ್ತವೆ, ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ. ಪೊಟ್ಯಾಸಿಯಂ ಇಳಿದರೆ ಹೃದಯ ಲಯ ತಪ್ಪುತ್ತದೆ. ಎದೆಬಡಿತಕ್ಕೆಂದು ಕುಡಿದ ಕಷಾಯವೇ ಎದೆಬಡಿತ ತಂದಿತೆಂದರೆ ಅದು ವಿಚಿತ್ರವೇನಲ್ಲ. ಕಪ್ಪು ಅತಿಮಧುರದ ಮಿಠಾಯಿಯನ್ನು ದಿನವೂ ಚೀಲಗಟ್ಟಲೆ ತಿನ್ನುತ್ತಿದ್ದ ಅಮೆರಿಕದ 54 ವರ್ಷದ ವ್ಯಕ್ತಿಯೊಬ್ಬರು ಪೊಟ್ಯಾಸಿಯಂ ಕುಸಿದು ಹೃದಯ ನಿಂತು ತೀರಿಕೊಂಡ ಪ್ರಕರಣ 2020ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು.

ಲೆಕ್ಕ ಹೀಗಿದೆ. ಜೇನಿನಲ್ಲಿ ಹುರಿದ ಅತಿಮಧುರದಲ್ಲಿ ಗ್ಲಿಸರೈಜಿಕ್ ಆಮ್ಲ (ಮೇಲೆ ಹೇಳಿದ ಗ್ಲಿಸರೈಜಿನ್‌ನ ಇನ್ನೊಂದು ಹೆಸರು) ಕನಿಷ್ಠ ಶೇಕಡಾ 1ರಷ್ಟಿರಬೇಕೆಂದು ಚೀನಾದ ಔಷಧಿ ಸಂಹಿತೆ ಹೇಳುತ್ತದೆ. ಅಂದರೆ 10 ಗ್ರಾಂ ಬೇರಿನಲ್ಲಿ 100 ಮಿಲಿಗ್ರಾಂ ಇದ್ದೇ ಇರುತ್ತದೆ, ಹೆಚ್ಚೂ ಇರಬಹುದು. ಕುದಿಸಿದಾಗ ಅದೆಲ್ಲ ನೀರಿಗೆ ಇಳಿಯುವುದಿಲ್ಲ ಎಂಬುದೂ ನಿಜ. ದಿನನಿತ್ಯ ಸೇವಿಸುವವರು 100 ಮಿಲಿಗ್ರಾಂ ದಾಟಬಾರದೆಂಬುದು ಯೂರೋಪಿನ ಆಹಾರ ತಜ್ಞರ ಸಮಿತಿ ನೀಡಿರುವ ಸಲಹೆ. ಏಳು ದಿನಕ್ಕೆ ನಾನು ಹೆದರುವುದಿಲ್ಲ. ಹೆದರಿಕೆ ಇರುವುದು, ಒಳ್ಳೆಯದಾಯಿತು ಎಂದು ಅದೇ ಚೀಟಿಯನ್ನು ತಿಂಗಳುಗಟ್ಟಲೆ ಮುಂದುವರಿಸುವವರ ಬಗ್ಗೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನೋ ಡಿಗಾಕ್ಸಿನ್ ಎಂಬ ಹೃದಯದ ಔಷಧಿಯನ್ನೋ ತೆಗೆದುಕೊಳ್ಳುವವರಾದರೆ ಇನ್ನೂ ಹೆಚ್ಚು.

ಪ್ರೊಪ್ರನೊಲಾಲ್ ಜೊತೆ ಈ ಒಂಬತ್ತು ವಸ್ತುಗಳಲ್ಲಿ ನೇರವಾದ ದೊಡ್ಡ ಜಗಳ ನನಗೆ ಕಾಣುವುದಿಲ್ಲ. ಆದರೆ ನಿದ್ದೆ ಬರಿಸುವ ಬೀಜವೂ ಬಡಿತ ಇಳಿಸುವ ಮಾತ್ರೆಯೂ ಒಟ್ಟಾದರೆ ತೂಕಡಿಕೆ ಮತ್ತು ತಲೆ ಹಗುರವಾಗುವುದು ಬರಬಹುದು, ಮೊದಲ ದಿನಗಳಲ್ಲಿ ಗಮನವಿರಲಿ. ಅಸ್ತಮಾ ಇರುವವರು ಪ್ರೊಪ್ರನೊಲಾಲ್ ಮುಟ್ಟಲೇಬಾರದು. ತಮಗೆ ಅದು ಇಲ್ಲವೆಂದುಕೊಳ್ಳುತ್ತೇನೆ.

ತಮ್ಮ ಚೀಟಿಯಲ್ಲಿ ಇಲ್ಲದ, ಮುಂದೆ ಬಂದರೆ ಎಚ್ಚರವಾಗಬೇಕಾದ ಹೆಸರುಗಳು ಕೆಲವಿವೆ. ನೆಗಡಿಯ ಕಷಾಯಗಳಲ್ಲಿ ಬರುವ ಮಾಹುವಾಂಗ್‌ನಲ್ಲಿ ಎಫೆಡ್ರಿನ್ ಇದೆ. ಅದು ಬಡಿತದ ವೇಗವನ್ನು ಏರಿಸುತ್ತದೆ. ಫುಝಿ ಎಂದರೆ ವತ್ಸನಾಭಿಯ ಜಾತಿಯ ಗಡ್ಡೆ. ಸಂಸ್ಕರಣೆ ಮತ್ತು ದೀರ್ಘ ಕುದಿತ ಸರಿಯಾಗದಿದ್ದರೆ ಪ್ರಾಣಾಂತಿಕವಾದ ಲಯದೋಷ ತರುತ್ತದೆ. ದಾನ್‌ಶೆನ್ ಎಂಬ ಕೆಂಪು ಬೇರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಪ್ರಭಾವವನ್ನು ಹೆಚ್ಚಿಸಿ ರಕ್ತಸ್ರಾವ ಉಂಟುಮಾಡಬಲ್ಲದು. ತಮ್ಮ ಚೀಟಿಯ ದಾಂಗ್‌ಶೆನ್ ಬೇರೆ, ಈ ದಾನ್‌ಶೆನ್ ಬೇರೆ, ಕಿವಿಗೆ ಮಾತ್ರ ಒಂದೇ. ವೂಜಿಯಾಪಿ ಎಂಬ ತೊಗಟೆಯ ಜಾಗದಲ್ಲಿ ಶಿಯಾಂಗ್‌ಜಿಯಾಪಿ ಬಂದು ಸೇರುವ ಗೊಂದಲ ಹಳೆಯದು. ಎರಡನೆಯದರಲ್ಲಿ ಡಿಗಾಕ್ಸಿನ್ ಮಾದರಿಯ ವಸ್ತುಗಳಿವೆ. ಅಂಗಡಿಯಿಂದ ಕೇಳಿ ತರುವ ಸಿದ್ಧ ಮಾತ್ರೆಗಳ ವಿಷಯದಲ್ಲಂತೂ ಹೊದಿಕೆಯ ಮೇಲಿನ ಹೆಸರನ್ನು ಪೂರ್ತಿ ನಂಬುವಂತಿಲ್ಲ. 1993ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಜಿನ್ ಬು ಹುವಾನ್ ಎಂಬ ಮಾತ್ರೆ ನುಂಗಿದ ಮಕ್ಕಳ ಉಸಿರಾಟ ಕುಗ್ಗಿ, ಹೃದಯದ ಗತಿ ತೀರಾ ಇಳಿದಿತ್ತು. ಹೊದಿಕೆಯ ಮೇಲೆ ಒಂದು ಗಿಡದ ಹೆಸರಿತ್ತು, ಒಳಗಿದ್ದ ರಾಸಾಯನಿಕ ಆ ಗಿಡದಲ್ಲಿ ಇರುವಂಥದ್ದೇ ಅಲ್ಲ.

ಹಳೇ ರೋಗಿ

ನಾನು ಗ್ವಾಂಗ್‌ಝೌನಲ್ಲಿದ್ದಾಗ ಇದೇ ಬಡಿತಕ್ಕೆ ಸಿದ್ಧ ಗುಳಿಗೆಗಳನ್ನು ತೆಗೆದುಕೊಂಡವನು. ಪರಿಚಯದವರೊಬ್ಬರು ತಂದುಕೊಟ್ಟ ಕೆಂಪು ಗುಳಿಗೆಗಳವು, ಗೋಲಿಗಿಂತ ಸ್ವಲ್ಪ ಚಿಕ್ಕವು. ಬೆರಳಿಗೆ ಕುಂಕುಮದಂಥ ಬಣ್ಣ ಅಂಟುತ್ತಿತ್ತು; ನೋಡಲು ಚೆನ್ನಾಗಿದೆಯಲ್ಲ ಎಂದುಕೊಂಡು ಸುಮಾರು ಮೂರು ತಿಂಗಳು ನುಂಗಿದೆ. ನಿದ್ದೆಯೇನೋ ಬರುತ್ತಿತ್ತು. ಕೊನೆಗೆ ಔಷಧಿ ಅಂಗಡಿಯಲ್ಲಿದ್ದ ಹುಡುಗಿಯೊಬ್ಬಳು ಡಬ್ಬಿಯ ಹಿಂಬದಿಯಲ್ಲಿದ್ದ ಝೂಶಾ ಎಂಬ ಎರಡು ಅಕ್ಷರಗಳ ಮೇಲೆ ಉಗುರಿಟ್ಟು ತೋರಿಸಿ, ಇದನ್ನು ಎಷ್ಟು ದಿನದಿಂದ ತಿನ್ನುತ್ತಿದ್ದೀರಿ ಎಂದು ಕೇಳಿದಳು. ಝೂಶಾ ಎಂದರೆ ಇಂಗಳೀಕ, ಪಾದರಸ ಮತ್ತು ಗಂಧಕದ ಅದಿರು. ಮೂತ್ರದಲ್ಲಿ ಪಾದರಸದ ಪ್ರಮಾಣ ಇಳಿಯುವವರೆಗೆ ಎರಡು ಸಲ ಪರೀಕ್ಷೆ ಮಾಡಿಸಬೇಕಾಯಿತು, ಆ ಹೊತ್ತಿನ ಆತಂಕಕ್ಕೆ ಯಾವ ಗುಳಿಗೆಯೂ ಇರಲಿಲ್ಲ.

ಆದ್ದರಿಂದ ಕಡತದವರಲ್ಲಿ ಒಂದು ಪ್ರಶ್ನೆ: ತಾವು ಹೇಳಿದ 1732ರ ಪಾಕದಲ್ಲಿ ಇದು ಇದೆಯೇ?

ಕಷಾಯದ ಕಡತ

ಇದೆ, ಅದನ್ನು ನಾನು ಮೊದಲೇ ಹೇಳಬೇಕಿತ್ತು. ಮೂಲ ಪಾಕದಲ್ಲಿ ಜೇನಿನಲ್ಲಿ ಉಂಡೆ ಕಟ್ಟಿ ಮೇಲೆ ಇಂಗಳೀಕವನ್ನು ಸವರಬೇಕೆಂದಿದೆ. ಕೆಂಪು ಬಣ್ಣ ಹೃದಯಕ್ಕೆ ಸೇರಿದ್ದು, ಅದಿರು ಭಾರವಾದದ್ದು. ಹಾಗಾಗಿ ಚೈತನ್ಯವನ್ನು ನೆಲೆಗೊಳಿಸುತ್ತದೆ ಎಂಬ ತರ್ಕ. ಇಂಗಳೀಕ ವಿಷಕಾರಿ, ಹೆಚ್ಚಾಗಿಯೂ ಸೇವಿಸಬಾರದು, ಸ್ವಲ್ಪ ಸ್ವಲ್ಪವಾಗಿ ಬಹುಕಾಲವೂ ಸೇವಿಸಬಾರದು ಎಂದು ಈಗಿನ ಚೀನೀ ಔಷಧಿ ಸಂಹಿತೆಯೇ ಹೇಳುತ್ತದೆ. ಇರುಳೆಚ್ಚರ ಅವರ ಚೀಟಿಯಲ್ಲಿ ಅದಿಲ್ಲ. ಎದೆ ತುಂಬಿಬಂದು ಕಳವಳ, ಬೆಚ್ಚುವಿಕೆ ಇರುವವರಿಗೆ ಝಾಂಗ್ ಹೇಳಿದ ಇನ್ನೊಂದು ಕಷಾಯದಲ್ಲಿ ಸೀಸದ ಭಸ್ಮವೂ ಇತ್ತು. ಈಗ ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಬಳಸುತ್ತಾರೆ. ಹಳೆಯದೆಲ್ಲ ಸೌಮ್ಯ ಎಂಬ ನಂಬಿಕೆ ಎಲ್ಲಿಂದ ಬಂತೋ ನಾನರಿಯೆ. ಗ್ರಂಥಗಳನ್ನು ಓದಿದವರಿಂದಂತೂ ಅಲ್ಲ.

ಅತಿಮಧುರದ ಬಗ್ಗೆ ವೈದ್ಯೆಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಝಿ ಗಾನ್‌ಚಾವ್ ತಾಂಗ್ ಎಂಬ ಪ್ರಸಿದ್ಧ ಕಷಾಯವಿದೆ. ಅಂತರ್ಜಾಲದಲ್ಲಿ ಎದೆಬಡಿತ ಎಂದು ಹುಡುಕಿದರೆ ಮೊದಲು ಸಿಗುವುದು ಅದೇ. ನಾಡಿ ನಡುನಡುವೆ ತಡೆದು ನಿಂತು, ಎದೆ ಹೊಡೆದುಕೊಳ್ಳುತ್ತಿದ್ದರೆ ಕೊಡಬೇಕೆಂದು ಝಾಂಗ್ ಬರೆದಿದ್ದಾನೆ. ಗಮನಿಸಿ, ಅದು ಗಾಬರಿಗೆ ಹೇಳಿದ್ದಲ್ಲ, ತಪ್ಪಿದ ನಾಡಿಗೆ ಹೇಳಿದ್ದು. ಅನಿಯತವಾಗಿ ತಡೆಯುವ ನಿಧಾನದ ನಾಡಿ ಜಿಯೆ, ಅನಿಯತವಾಗಿ ತಡೆಯುವ ವೇಗದ ನಾಡಿ ತ್ಸು, ಲೆಕ್ಕವಿಟ್ಟಂತೆ ತಡೆಯುವುದು ದೈ ಎಂದು ಬೆರಳ ತುದಿಯಿಂದಲೇ ಬೇರ್ಪಡಿಸುತ್ತಿದ್ದ ಪರಂಪರೆ ಅದು. ಈ ಕಷಾಯಕ್ಕೆ ಅತಿಮಧುರ ನಾಲ್ಕು ಲಿಯಾಂಗ್. ಹಾನ್ ಕಾಲದ ಒಂದು ಲಿಯಾಂಗ್ ಸುಮಾರು 15 ಗ್ರಾಂ ಎಂದು ಹಲವು ವಿದ್ವಾಂಸರು ಹಿಡಿಯುತ್ತಾರೆ; ಹದಿನಾರನೆಯ ಶತಮಾನದ ವೈದ್ಯ ಲಿ ಶಿಝೆನ್ ಮಾತ್ರ ಹಳೆಯ ಒಂದು ಲಿಯಾಂಗ್‌ಗೆ ಈಗ ಒಂದು ಚಿಯೆನ್ ಸಾಕು ಎಂದುಬಿಟ್ಟ, ಅದು ಇಂದಿನ ಲೆಕ್ಕದಲ್ಲಿ ಸುಮಾರು 3 ಗ್ರಾಂ. ಒಂದೇ ಸಾಲನ್ನು ಓದಿದ ಒಬ್ಬ 12 ಗ್ರಾಂ ಹಾಕುತ್ತಾನೆ, ಇನ್ನೊಬ್ಬ 60 ಗ್ರಾಂ ಹಾಕುತ್ತಾನೆ. ಪುಸ್ತಕ ನೋಡಿ ತಾವೇ ಕಷಾಯ ಕಾಯಿಸಿಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿಲ್ಲ.

ಆಧಾರದ ಮಾತು. ಕಾಡು ಎಲಚಿ ಬೀಜದಲ್ಲಿರುವ ಜುಜುಬೊಸೈಡ್, ಸ್ಪಿನೋಸಿನ್ ಎಂಬ ಅಂಶಗಳು ಇಲಿಗಳಲ್ಲಿ ನಿದ್ದೆಯನ್ನು ಹೆಚ್ಚಿಸುವುದನ್ನು ತೋರಿಸಿದ್ದಾರೆ. ಮನುಷ್ಯರ ಮೇಲಿನ ಅಧ್ಯಯನಗಳು ಹೆಚ್ಚಾಗಿ ನಿದ್ರಾಹೀನತೆಯ ಕುರಿತಾದವು. ಬಹುಪಾಲು ಚಿಕ್ಕವು, ಮತ್ತು ಕಷಾಯದ ಬಣ್ಣ, ವಾಸನೆ, ಕಹಿಯನ್ನು ಹೋಲುವ ಹುಸಿ ಕಷಾಯವನ್ನು ತಯಾರಿಸುವುದು ಕಷ್ಟವಾದ್ದರಿಂದ ಯಾರು ಯಾವುದನ್ನು ಕುಡಿಯುತ್ತಿದ್ದಾರೆಂಬುದು ರೋಗಿಗೂ ವೈದ್ಯನಿಗೂ ಗೊತ್ತಿರುವಂಥವು. ಆತಂಕದ ಎದೆಬಡಿತಕ್ಕೇ ಈ ಚೀಟಿ ಕೆಲಸ ಮಾಡುತ್ತದೆಂದು ಎದೆ ತಟ್ಟಿ ಹೇಳುವಷ್ಟು ಬಲ ಅವುಗಳಲ್ಲಿಲ್ಲ. ವೆನ್‌ಶಿನ್ ಕೆಲಿ ಎಂಬ ಹರಳಿನ ಪುಡಿಯ ಹೆಸರನ್ನೂ ತಾವು ಅಲ್ಲಿ ಕೇಳುವಿರಿ, ಅದರಲ್ಲಿ ಜಟಾಮಾಂಸಿಯಿದೆ. ಅದು ಲಯ ತಪ್ಪಿದ ಬಡಿತಗಳಿಗೆಂದು ಮಾರಾಟವಾಗುವ ಔಷಧಿ, ಗಾಬರಿಗಲ್ಲ.

ನಾಡಿಮಿಡಿತ

ಆಧಾರದ ವಿಷಯದಲ್ಲಿ ಕಡತದವರ ಮಾತನ್ನು ಒಪ್ಪುತ್ತೇನೆ. ಗಾಬರಿಯ ದಾಳಿಗಳಿಗೆ ಗಟ್ಟಿ ಆಧಾರ ಇರುವುದು ಅರಿವಿನ ವರ್ತನಾ ಚಿಕಿತ್ಸೆ ಮತ್ತು ಕೆಲವು ಮಾತ್ರೆಗಳಿಗೆ. ಬಡಿತ ಕೇಳಿ ದಿಗಿಲು, ದಿಗಿಲಿನಿಂದ ಬಡಿತ ಎಂದು ತಾವೇ ಬರೆದ ಆ ಸುತ್ತನ್ನು ಬಿಡಿಸುವುದೇ ಆ ಚಿಕಿತ್ಸೆಯ ಕೆಲಸ. ಕಷಾಯವನ್ನು ಕುಡಿದರೂ ಅದನ್ನು ಬಿಡಬೇಡಿ.

ಇರುಳೆಚ್ಚರ

ಮೂವರಿಗೂ ವಂದನೆಗಳು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ.

ಹೋಲ್ಟರ್ ಕಟ್ಟಿದ್ದ ದಿನ ದಾಳಿ ಬಂದಿರಲಿಲ್ಲ ಎಂಬುದು ವೈದ್ಯೆಯವರು ಕೇಳಿದ ಮೇಲೆಯೇ ನನಗೆ ಹೊಳೆದದ್ದು. ಏಳು ದಿನ ಕಟ್ಟಿಕೊಳ್ಳುವ ಯಂತ್ರವನ್ನು ಕೇಳಿ ಪಡೆದೆ. ಐದನೆಯ ರಾತ್ರಿ ಹಂದಿಮರಿ ಓಡಿ ಬಂತು. ಗುಂಡಿ ಒತ್ತಿ ಸಮಯ ಬರೆದಿಟ್ಟೆ. ವರದಿಯಲ್ಲಿ ಬಡಿತ ಎಂಟು ನಿಮಿಷಗಳಲ್ಲಿ 84ರಿಂದ 126ಕ್ಕೆ ಏರಿ, ಆಮೇಲೆ ಅಷ್ಟೇ ನಿಧಾನವಾಗಿ ಇಳಿದಿದೆ, ಲಯ ತಪ್ಪಿಲ್ಲ. ಆ ಗೀಟುಗಳನ್ನು ಕಣ್ಣಾರೆ ನೋಡಿದ ಮೇಲೆ ದಿಂಬಿನ ಗುದ್ದು ಮೊದಲಿನಷ್ಟು ಹೆದರಿಸುತ್ತಿಲ್ಲ.

ಚೀಟಿಯನ್ನು ಹೃದಯದ ವೈದ್ಯರಿಗೂ, ಅವರ ಮಾತನ್ನು ಚೀನೀ ವೈದ್ಯೆಗೂ ತಲುಪಿಸಿದೆ. ಆಕೆ ಬೇಸರಪಟ್ಟುಕೊಳ್ಳುವರೆಂದು ಅಂಜಿದ್ದೆ; ಆಕೆ ನಕ್ಕು, ಅತಿಮಧುರದ ಮುಂದಿದ್ದ 10ನ್ನು ಹೊಡೆದು 3 ಎಂದು ಬರೆದರು, ಎರಡು ವಾರಕ್ಕಿಂತ ಹೆಚ್ಚು ಬೇಡ ಎಂದರು. ಮೊದಲ ಹದಿನಾಲ್ಕು ಚೀಲಗಳಲ್ಲಿ ಆರನ್ನು ಕುಡಿದು ಉಳಿದವನ್ನು ಚೆಲ್ಲಿದ್ದೇನೆ. ನಿದ್ದೆ ಸ್ವಲ್ಪ ಸುಧಾರಿಸಿದೆ, ಕಷಾಯದಿಂದಲೋ ವರದಿಯಿಂದಲೋ ಹೇಳಲಾರೆ. ವರ್ತನಾ ಚಿಕಿತ್ಸೆಗೆ ಇಂಗ್ಲಿಷ್ ಬಲ್ಲ ಒಬ್ಬರ ಬಳಿ ಹೆಸರು ಬರೆಸಿದ್ದೇನೆ. ಪೊಟ್ಯಾಸಿಯಂ ಪರೀಕ್ಷೆಗೆ ನಿನ್ನೆ ರಕ್ತ ಕೊಟ್ಟಿದ್ದೇನೆ. ಫಲಿತಾಂಶ ಗುರುವಾರ ಬರುತ್ತದೆ, ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.